ಒಂದು ರಾತ್ರಿಯ ಆಟ, ಅಂಗೈಯಗಲದ ಟೇಪು: ಡಿಜಿಟಲ್ ಧ್ವನಿಮುದ್ರಣಗಳನ್ನು ಟೇಪಿಗೆ ಇಳಿಸಿ ಮರಳಿ ಪಡೆಯುವ ಸಮಗ್ರ ಮಾರ್ಗದರ್ಶಿ

ಚೌಕಿಪೂಜೆಯ ನಂತರ ಶುರುವಾಗಿ ಬೆಳಗಿನ ಮಂಗಳದವರೆಗೆ ನಡೆಯುವ ಯಕ್ಷಗಾನ ಬಯಲಾಟವೊಂದನ್ನು 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊದಲ್ಲಿ ಮುದ್ರಿಸಿದರೆ ಸೆಕೆಂಡಿಗೆ 2,88,000 ಬೈಟ್ ಆಗುತ್ತದೆ. ಗಂಟೆಗೆ ಸುಮಾರು 1.04 ಜಿಬಿ, ಎಂಟು ಗಂಟೆಯ ಆಟಕ್ಕೆ 8.3 ಜಿಬಿ. ಮೇಳಗಳು ನವೆಂಬರಿನಲ್ಲಿ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವಷ್ಟರಲ್ಲಿ ವಾರಕ್ಕೆ ಎರಡೇ ಆಟ ಮುದ್ರಿಸಿದರೂ ಅರ್ಧ ಟಿಬಿಯ ಹತ್ತಿರ ಬಂದು ನಿಲ್ಲುತ್ತದೆ. ಹತ್ತು ತಿರುಗಾಟಗಳ ಮುದ್ರಣ ನಿಮ್ಮಲ್ಲಿದ್ದರೆ ಮೇಜಿನ ಮೇಲೆ ಹಾರ್ಡ್ ಡಿಸ್ಕುಗಳ ಸಾಲು ಬೆಳೆದಿರುತ್ತದೆ, ಅದರಲ್ಲಿ ಒಂದೆರಡು ಆಗಲೇ ಟಿಕ್ ಟಿಕ್ ಎನ್ನುತ್ತಿರುತ್ತವೆ.

ಕರಾವಳಿಯಲ್ಲಿ ಆಟ, ತಾಳಮದ್ದಳೆಗಳನ್ನು ಮುದ್ರಿಸುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಸಂಗೀತ ಕಛೇರಿ, ಜನಪದ ಹಾಡು, ಉಪನ್ಯಾಸ, ಸ್ಟುಡಿಯೊ ಕೆಲಸ ಯಾವುದೇ ಆದರೂ ಕ್ರಮ ಇದೇ. ಇಲ್ಲಿ ಟೇಪ್ ಎಂದರೆ ಕ್ಯಾಸೆಟ್ ಅಲ್ಲ. ಬ್ಯಾಂಕುಗಳು, ಚಲನಚಿತ್ರ ಸಂಸ್ಥೆಗಳು, ದೊಡ್ಡ ಗ್ರಂಥಾಲಯಗಳು ದತ್ತಾಂಶ ಕಾಪಿಡಲು ಬಳಸುವ ಎಲ್‌ಟಿಒ ಟೇಪ್.

ಮೊದಲು ಕೇಳಿಕೊಳ್ಳಬೇಕಾದದ್ದು: ಟೇಪ್ ಬೇಕೇ?

ನಿಮ್ಮ ಸಂಗ್ರಹ ಒಂದೆರಡು ಟಿಬಿಯಷ್ಟೇ ಇದ್ದರೆ ಬೇಡ. ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕುಗಳಲ್ಲಿ ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನಂಟರ ಮನೆಯಲ್ಲಿಡಿ. ಟೇಪಿನಲ್ಲಿ ಕಾರ್ಟ್ರಿಜ್ (ಟೇಪ್ ಸುತ್ತಿಟ್ಟ ಪೆಟ್ಟಿಗೆ) ಅಗ್ಗ, ಅದನ್ನು ಓದಿ ಬರೆಯುವ ಯಂತ್ರವಾದ ಡ್ರೈವ್ ದುಬಾರಿ. ಸಂಗ್ರಹ ಐದು ಟಿಬಿ ದಾಟಿ ವರ್ಷವರ್ಷವೂ ಬೆಳೆಯುತ್ತಿದ್ದರೆ, ಅಥವಾ ನಾಲ್ಕೈದು ಸಂಗ್ರಾಹಕರು ಸೇರಿ ಒಂದು ಡ್ರೈವ್ ಕೊಳ್ಳುವಂತಿದ್ದರೆ ಆಗ ಲೆಕ್ಕ ಕೂಡಿಬರುತ್ತದೆ.

ಟೇಪಿನ ದೊಡ್ಡ ಗುಣ ಅದು ಕಪಾಟಿನಲ್ಲಿ ಸುಮ್ಮನೆ ಕುಳಿತಿರುವುದು. ವಿದ್ಯುತ್ತಿಲ್ಲ, ಕಂಪ್ಯೂಟರಿನ ನಂಟಿಲ್ಲ. ವೈರಸ್ಸಿಗೂ ತಪ್ಪಿ ಒತ್ತಿದ ಡಿಲೀಟ್ ಗುಂಡಿಗೂ ಸಿಗುವುದಿಲ್ಲ. 2011ರ ಫೆಬ್ರವರಿಯಲ್ಲಿ ತಂತ್ರಾಂಶದ ದೋಷವೊಂದರಿಂದ ಜಿಮೇಲ್‌ನ ಕೆಲವು ಬಳಕೆದಾರರ ಪತ್ರಗಳು ಅಳಿಸಿಹೋದವು. ಬೇರೆ ಬೇರೆ ದತ್ತಾಂಶ ಕೇಂದ್ರಗಳಲ್ಲಿದ್ದ ಪ್ರತಿಗಳಿಗೂ ಆ ದೋಷ ತಟ್ಟಿತ್ತು. ಗೂಗಲ್ ಅವನ್ನು ಮರಳಿ ತಂದದ್ದು ಟೇಪಿನಿಂದ.

ಸರಿಯಾಗಿ ಇಟ್ಟರೆ 30 ವರ್ಷ ಬಾಳುತ್ತದೆ ಎಂದು ತಯಾರಕರು ಹೇಳುತ್ತಾರೆ. ಆದರೆ ಅದು ಟೇಪಿನ ಆಯುಸ್ಸು, ಡ್ರೈವಿನದಲ್ಲ. 1987ರಲ್ಲಿ ಬಂದ ಡ್ಯಾಟ್ (ಡಿಜಿಟಲ್ ಧ್ವನಿಯ ಪುಟ್ಟ ಕ್ಯಾಸೆಟ್) ಯಂತ್ರಗಳನ್ನು ಸೋನಿ 2005ರಲ್ಲಿ ನಿಲ್ಲಿಸಿತು. ಇಂದು ಡ್ಯಾಟ್ ಕ್ಯಾಸೆಟ್ ಇದ್ದವರಲ್ಲಿ ಹಲವರಿಗೆ ಅದನ್ನು ಓದುವ ಯಂತ್ರವಿಲ್ಲ.

ಯಾವ ತಲೆಮಾರು ಕೊಳ್ಳಬೇಕು

ಎಲ್‌ಟಿಒ 2000ದಲ್ಲಿ 100 ಜಿಬಿಯೊಂದಿಗೆ ಶುರುವಾಯಿತು. ಈಗ ನಮಗೆ ಕೆಲಸಕ್ಕೆ ಬರುವ ತಲೆಮಾರುಗಳು ಇವು: ಎಲ್‌ಟಿಒ-5ರಲ್ಲಿ 1.5 ಟಿಬಿ, 6ರಲ್ಲಿ 2.5, 7ರಲ್ಲಿ 6, 8ರಲ್ಲಿ 12, 9ರಲ್ಲಿ 18 ಟಿಬಿ. ಪೆಟ್ಟಿಗೆಯ ಮೇಲೆ ಇದಕ್ಕಿಂತ ಎರಡು, ಎರಡೂವರೆ ಪಟ್ಟು ದೊಡ್ಡ ಅಂಕಿ ಅಚ್ಚಾಗಿರುತ್ತದೆ. ಅದನ್ನು ನಂಬಬೇಡಿ. ಅದು ಡ್ರೈವೇ ದತ್ತಾಂಶವನ್ನು ಒತ್ತಿ ಕಿರಿದಾಗಿಸುತ್ತದೆ ಎಂಬ ಊಹೆಯ ಮೇಲೆ ನಿಂತ ಅಂಕಿ. ಪಠ್ಯ, ಲೆಕ್ಕಪತ್ರ ಹಾಗೆ ಕಿರಿದಾಗುತ್ತವೆ. ಚೆಂಡೆಯ ಪೆಟ್ಟು, ಭಾಗವತರ ಆಲಾಪನೆ ಆಗುವುದಿಲ್ಲ. ಧ್ವನಿಗೆ ಚಿಕ್ಕ ಅಂಕಿಯೇ ನಿಜ.

ಹಳೆಯ ಟೇಪನ್ನು ಹೊಸ ಡ್ರೈವ್ ಓದುತ್ತದೆಯೇ ಎಂಬುದು ಕೊಳ್ಳುವ ಮುನ್ನವೇ ತಿಳಿದಿರಬೇಕು. ಎಲ್‌ಟಿಒ-7ರವರೆಗೆ ಡ್ರೈವ್ ತನ್ನ ಹಿಂದಿನ ಎರಡು ತಲೆಮಾರುಗಳನ್ನು ಓದುತ್ತದೆ, ಹಿಂದಿನ ಒಂದಕ್ಕೆ ಬರೆಯುತ್ತದೆ. 8 ಮತ್ತು 9ರಲ್ಲಿ ಓದುವುದಕ್ಕೂ ಬರೆಯುವುದಕ್ಕೂ ಹಿಂದಿನ ಒಂದು ತಲೆಮಾರು ಮಾತ್ರ. 2025ರಲ್ಲಿ ಬಂದ ಎಲ್‌ಟಿಒ-10 ಹಿಂದಿನ ಯಾವುದನ್ನೂ ಓದುವುದಿಲ್ಲ. ಎಂದರೆ ಇಂದು ಎಲ್‌ಟಿಒ-6ಕ್ಕೆ ಬರೆದದ್ದನ್ನು ನಾಳೆ ಓದಲು 6 ಅಥವಾ 7ರ ಡ್ರೈವೇ ಬೇಕು.

ನನ್ನ ಸಲಹೆ: ಸ್ವಂತ ಕೈಯಿಂದ ಖರ್ಚು ಮಾಡುವವರು ಒಳ್ಳೆಯ ಸ್ಥಿತಿಯಲ್ಲಿರುವ ಬಳಸಿದ ಎಲ್‌ಟಿಒ-6 ಅಥವಾ 7 ಡ್ರೈವ್ ನೋಡಲಿ. ಸಂಸ್ಥೆಗಳು ಹೊಸ 8 ಅಥವಾ 9 ಕೊಳ್ಳಲಿ. ಮುಂದಿನ ಲೆಕ್ಕಗಳನ್ನೆಲ್ಲ ಎಲ್‌ಟಿಒ-6 ಹಿಡಿದು ಹೇಳುತ್ತೇನೆ.

ಡ್ರೈವಿನ ಜತೆ ಬೇಕಾದವು: ಎಸ್‌ಎಎಸ್ ಹೋಸ್ಟ್ ಕಾರ್ಡ್ ಮತ್ತು ಅದಕ್ಕೆ ಹೊಂದುವ ಕೇಬಲ್ (ಈ ಕಾರ್ಡ್ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುತ್ತದೆ. ಹಲವು ಡಿಸ್ಕುಗಳನ್ನು ಒಂದಾಗಿಸುವ ರೇಡ್ ಕಾರ್ಡುಗಳು ಸಾಮಾನ್ಯವಾಗಿ ಟೇಪಿಗೆ ಒಗ್ಗುವುದಿಲ್ಲ, ಸಾದಾ ಹೋಸ್ಟ್ ಕಾರ್ಡೇ ಬೇಕು), ಕಾರ್ಡ್ ಹಾಕಲು ಜಾಗವಿರುವ ಡೆಸ್ಕ್‌ಟಾಪ್ ಕಂಪ್ಯೂಟರ್, ಒಂದು ಸ್ವಚ್ಛತಾ ಕಾರ್ಟ್ರಿಜ್, ಯುಪಿಎಸ್, ಮತ್ತು ತೇವಾಂಶ ತೋರಿಸುವ ಚಿಕ್ಕ ಮಾಪಕ. ಯುಪಿಎಸ್ಸಿಗೆ ಕಂಪ್ಯೂಟರ್ ಒಂದನ್ನೇ ಸಿಕ್ಕಿಸಿದರೆ ಸಾಲದು. ಡ್ರೈವ್, ಮೂಲ ಹಾರ್ಡ್ ಡಿಸ್ಕ್ ಎರಡೂ ಅದರಲ್ಲೇ ಇರಬೇಕು. ಮೊದಲ ಮಳೆಯ ಗುಡುಗಿಗೆ ಕರೆಂಟು ಹೋಗುವ ಊರಿನಲ್ಲಿ ಇದು ತಪ್ಪಬಾರದು.

ಕಾರ್ಟ್ರಿಜ್ ಹೊಸದೇ ಇರಲಿ. ಎರಡು ಪ್ರತಿಗೆ ಎರಡು ಬೇರೆ ಬೇರೆ ತಯಾರಿಕಾ ತಂಡದ (ಬ್ಯಾಚ್) ಟೇಪ್ ಕೊಂಡರೆ ಉತ್ತಮ. ಒಂದು ತಂಡದಲ್ಲಿ ದೋಷವಿದ್ದರೆ ಇನ್ನೊಂದು ಉಳಿಯುತ್ತದೆ.

ಹಂತ 1: ಬರೆಯುವ ಮುನ್ನ ಕೇಳಿ

ಈ ಹಂತವನ್ನು ಹಾರಿಸಿದ್ದಕ್ಕೆ ನಾನು ಬೆಲೆ ತೆತ್ತಿದ್ದೇನೆ. ಮಳೆಗಾಲದ ಒಂದು ತಾಳಮದ್ದಳೆ. ಇಬ್ಬರು ಹಿರಿಯ ಅರ್ಥಧಾರಿಗಳು ಎದುರುಬದುರು ಕುಳಿತು ಐದು ಗಂಟೆ ಮಾತನಾಡಿದ ರಾತ್ರಿ. ಮುದ್ರಣ ಯಂತ್ರ ಪ್ರತಿ 2 ಜಿಬಿಗೆ ಫೈಲ್ ಮುರಿಯುವಂಥದ್ದು. ಈ ಗುಣಮಟ್ಟದಲ್ಲಿ 2 ಜಿಬಿ ಎಂದರೆ 2 ಗಂಟೆ 4 ನಿಮಿಷ. ಹಾಗಾಗಿ ಮೂರು ತುಂಡು. ಮೆಮೊರಿ ಕಾರ್ಡಿನಿಂದ ಡಿಸ್ಕಿಗೆ ನಕಲು ಮಾಡಿದೆ, ಫೈಲು ಬದಲಾಗಿದೆಯೇ ಎಂದು ತೋರಿಸುವ ಸಂಖ್ಯೆಯಾದ ಚೆಕ್‌ಸಮ್ ತೆಗೆದೆ, ಎರಡು ಟೇಪಿಗೆ ಬರೆದೆ, ಎರಡನ್ನೂ ತಾಳೆ ನೋಡಿದೆ. ಎಲ್ಲವೂ ಸರಿ ಎಂದು ಬಂತು. ಕಾರ್ಡನ್ನು ಅಳಿಸಿ ಮುಂದಿನ ಆಟಕ್ಕೆ ಹೊರಟೆ.

ಮೂರನೆಯ ತುಂಡಿನಲ್ಲಿದ್ದದ್ದು ಬರೀ ಸೊನ್ನೆಗಳು. ಕಾರ್ಡ್ ರೀಡರಿನ ದೋಷ. ಫೈಲಿನ ಹೆಸರು ಸರಿಯಿತ್ತು, ಗಾತ್ರ ಸರಿಯಿತ್ತು, ಚೆಕ್‌ಸಮ್ ಎರಡು ಟೇಪಿನಲ್ಲೂ ಅಕ್ಷರಶಃ ಕೂಡಿಬಂದಿತ್ತು. ಆ ಮೌನವನ್ನು ನಾನು ಅತ್ಯಂತ ಜೋಪಾನವಾಗಿ ಎರಡೂರಿನಲ್ಲಿ ಕಾಪಿಟ್ಟಿದ್ದೆ. ಆ ಇಬ್ಬರಲ್ಲಿ ಒಬ್ಬರು ಈಗಿಲ್ಲ.

ಆದ್ದರಿಂದ ಪ್ರತಿ ಫೈಲನ್ನೂ ತೆರೆದು ಇಡೀ ತರಂಗಚಿತ್ರ ನೋಡಿ. ಚಪ್ಪಟೆ ಗೆರೆ ಎಲ್ಲಾದರೂ ಇದೆಯೇ ಗಮನಿಸಿ. ಆರಂಭ, ನಡು, ಕೊನೆ ಮೂರು ಕಡೆ ಅರ್ಧ ನಿಮಿಷವಾದರೂ ಕಿವಿಗೊಟ್ಟು ಕೇಳಿ. ತುಂಡಿನಿಂದ ತುಂಡಿಗೆ ಹೋಗುವ ಕೀಲಿನಲ್ಲಿ ತಾಳ ತಪ್ಪಿದೆಯೇ ಕೇಳಿ. ಅಲ್ಲಿಯವರೆಗೂ ಕಾರ್ಡ್ ಅಳಿಸಬೇಡಿ. ನಾನೀಗ ಎರಡನೆಯ ಟೇಪಿನ ತಾಳೆ ಮುಗಿಯುವವರೆಗೂ ಕಾರ್ಡನ್ನು ಮುಟ್ಟುವುದಿಲ್ಲ.

ಹಂತ 2: ಏನನ್ನು, ಯಾವ ರೂಪದಲ್ಲಿ

ಮೂಲ ಮುದ್ರಣ ವೇವ್ (ಒತ್ತಿ ಕಿರಿದಾಗಿಸದ) ರೂಪದಲ್ಲಿದ್ದರೆ ಹಾಗೆಯೇ ಇಡಿ. ಸಾಧ್ಯವಾದರೆ ಬ್ರಾಡ್‌ಕಾಸ್ಟ್ ವೇವ್ ಆಗಿರಲಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ತನ್ನ ಟಿಸಿ-04 ಮಾರ್ಗಸೂಚಿಯಲ್ಲಿ ಹೇಳುವುದು ಇದನ್ನೇ, ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ. ಈ ರೂಪದಲ್ಲಿ ದಿನಾಂಕ, ಸ್ಥಳ, ವಿವರಣೆ ಫೈಲಿನ ಹೊಟ್ಟೆಯೊಳಗೇ ಕುಳಿತಿರುತ್ತವೆ. ಫೋಲ್ಡರಿನಿಂದ ಬೇರಾದರೂ ಅದು ಯಾವ ರಾತ್ರಿಯದೆಂದು ಫೈಲೇ ಹೇಳುತ್ತದೆ.

ಸಾದಾ ವೇವ್ ಫೈಲ್ 4 ಜಿಬಿ ದಾಟುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದು 4 ಗಂಟೆ 8 ನಿಮಿಷ. ಇಡೀ ರಾತ್ರಿಯನ್ನು ಒಂದೇ ಫೈಲಾಗಿಸಲು ಆರ್‌ಎಫ್64 ರೂಪ ಇದೆ. ಆದರೂ ಯಂತ್ರ ಕೊಟ್ಟ ತುಂಡುಗಳನ್ನೇ ಮೂಲಪ್ರತಿ ಎಂದು ಇಡಿ. ಜೋಡಿಸಿದ್ದು ಕೇಳುವುದಕ್ಕೆ, ತುಂಡುಗಳು ಕಾಪಿಡುವುದಕ್ಕೆ.

ಫ್ಲ್ಯಾಕ್ (ಧ್ವನಿ ಕೆಡದಂತೆ ಒತ್ತಿ ಕಿರಿದಾಗಿಸುವ ರೂಪ) ಮಾಡಿದರೆ ಜಾಗ ಗಣನೀಯವಾಗಿ ಉಳಿಯುತ್ತದೆ, ಒಂದು ಬಿಟ್ಟೂ ಕಳೆಯುವುದಿಲ್ಲ, ಧ್ವನಿಯ ಎಂಡಿ5 ಚೆಕ್‌ಸಮ್ ಅದರೊಳಗೇ ಇರುತ್ತದೆ. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಟೇಪಿನಲ್ಲಿ ಜಾಗ ಅಗ್ಗವಾದ್ದರಿಂದ ಮಾತ್ರ ವೇವ್ ಉಳಿಸಿಕೊಂಡಿದ್ದೇನೆ. ಎಂಪಿ3 ಮಾತ್ರ ಇದ್ದರೆ ಅದನ್ನು ವೇವ್ ಮಾಡಲು ಹೋಗಬೇಡಿ. ಹೋದದ್ದು ಮರಳುವುದಿಲ್ಲ, ಗಾತ್ರವಷ್ಟೇ ಉಬ್ಬುತ್ತದೆ.

ಸ್ಟುಡಿಯೊದವರಿಗೆ ಒಂದು ಮಾತು. ಸಂಕಲನ ತಂತ್ರಾಂಶದ ಪ್ರಾಜೆಕ್ಟ್ ಫೈಲ್ ಹತ್ತು ವರ್ಷದ ನಂತರ ತೆರೆಯುತ್ತದೆ ಎಂದು ನಂಬಬೇಡಿ. ಪ್ರತಿ ಟ್ರ್ಯಾಕನ್ನೂ ಸೊನ್ನೆ ಸಮಯದಿಂದ ಆರಂಭಿಸಿ ಒಂದೊಂದು ವೇವ್ ಆಗಿ ಹೊರತೆಗೆದು ಪ್ರಾಜೆಕ್ಟಿನ ಪಕ್ಕದಲ್ಲಿಡಿ. ಯಾವ ತಂತ್ರಾಂಶದಲ್ಲಾದರೂ ಸಾಲಾಗಿ ಜೋಡಿಸಿದರೆ ಹಾಡು ಕೂಡಿಕೊಳ್ಳುತ್ತದೆ.

ಹಂತ 3: ಹೆಸರು ಮತ್ತು ಪಟ್ಟಿ

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಎಲ್‌ಟಿಎಫ್‌ಎಸ್ (ಟೇಪನ್ನು ಡಿಸ್ಕಿನಂತೆ ತೆರೆಯುವ ವ್ಯವಸ್ಥೆ, ಹಂತ 5ರಲ್ಲಿ ಬರುತ್ತದೆ) ಯೂನಿಕೋಡ್ ಹೆಸರುಗಳನ್ನು ಒಪ್ಪುತ್ತದೆ. ತೊಂದರೆ ಬೇರೆ ಕಡೆ ಇದೆ.

ಒಂದನೆಯದು ಉದ್ದ. ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಶ್ರೀ’ ಎಂಬುದು ನಮಗೆ ಒಂದಕ್ಷರ. ಕಂಪ್ಯೂಟರಿಗೆ ಶಕಾರ, ವಿರಾಮ, ರಕಾರ, ಈಕಾರ ಸೇರಿ ನಾಲ್ಕು ಸಂಕೇತ, 12 ಬೈಟ್. ಪ್ರಸಂಗದ ಹೆಸರು, ಮೇಳದ ಹೆಸರು, ಸ್ಥಳ, ಭಾಗವತರ ಹೆಸರು ಎಲ್ಲವನ್ನೂ ತುರುಕಿದರೆ 85 ಸಂಕೇತಗಳಿಗೇ ಬಾಗಿಲು ಮುಚ್ಚುತ್ತದೆ.

ಎರಡನೆಯದು ಕಾಣದ ಅಕ್ಷರಗಳು. ಒತ್ತಕ್ಷರವಾಗದಂತೆ ತಡೆಯಲು ನಾವು ನಡುವೆ ಹಾಕುವ ಶೂನ್ಯ ಅಗಲದ ಸಂಕೇತ ಒಂದು ಹೆಸರಿನಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡು ಹೆಸರುಗಳು ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ. ‘ಕೋಟ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಹಲವು ಸಂಕೇತಗಳಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕುಗಳು ಬಿಡಿಸಿಯೇ ಇಡುತ್ತಿದ್ದವು. ಚೆಕ್‌ಸಮ್ ಪಟ್ಟಿಯಲ್ಲಿ ಒಂದು ರೂಪ, ಟೇಪಿನಲ್ಲಿ ಇನ್ನೊಂದು ರೂಪ ಇದ್ದರೆ ‘ಫೈಲ್ ಇಲ್ಲ’ ಎಂಬ ಉತ್ತರ ಬರುತ್ತದೆ.

ಹಾಗಾಗಿ ಫೈಲಿಗೆ ದಿನಾಂಕ ಮತ್ತು ಕ್ರಮಸಂಖ್ಯೆಯ ಚಿಕ್ಕ ಹೆಸರು ಕೊಡಿ: ವರ್ಷ-ತಿಂಗಳು-ದಿನ, ಆಮೇಲೆ 01, 02, 03. ಬರೀ ಅಂಕಿ ಮತ್ತು ಅಡ್ಡಗೆರೆ. ಗಂಟೆ-ನಿಮಿಷ ತೋರಿಸಲು ಎರಡು ಚುಕ್ಕೆ (:) ಬಳಸಬೇಡಿ. ಪ್ರಸಂಗ, ಹಿಮ್ಮೇಳ, ಮುಮ್ಮೇಳ, ಆಡಿಸಿದವರು, ಮೈಕು ಎಲ್ಲಿತ್ತು ಎಂಬುದನ್ನೆಲ್ಲ ಅದೇ ಫೋಲ್ಡರಿನಲ್ಲಿ ಒಂದು ಸಾದಾ ಪಠ್ಯ ಫೈಲಿನಲ್ಲಿ ಕನ್ನಡದಲ್ಲೇ ವಿವರವಾಗಿ ಬರೆಯಿರಿ. ಅಲ್ಲಿ ಬೈಟಿನ ಮಿತಿ ಇಲ್ಲ.

ನಿಮ್ಮ ಹಳೆಯ ಪಟ್ಟಿಗಳು ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದರೆ ಟೇಪಿಗೆ ಹೋಗುವ ಮುನ್ನವೇ ಪರಿವರ್ತಿಸಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಧ್ವನಿ ಉಳಿದು, ಹಾಡಿದವರು ಯಾರೆಂಬುದು ಅಳಿದರೆ ಅರ್ಧ ಸಂಗ್ರಹ ಹೋದಂತೆ.

ಹಂತ 4: ಚೆಕ್‌ಸಮ್

ಪ್ರತಿ ಫೈಲಿನ ಎಲ್ಲ ಬೈಟುಗಳನ್ನೂ ಲೆಕ್ಕಕ್ಕೆ ಹಿಡಿದು ತೆಗೆಯುವ ಒಂದು ಉದ್ದನೆಯ ಸಂಖ್ಯೆ ಇದು. ಒಂದು ಬಿಟ್ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಎಸ್‌ಎಚ್‌ಎ-256 ಬಳಸಿ. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಇದಕ್ಕೆ ಸಿದ್ಧ ಉಪಕರಣ ಇದೆ.

ಎರಡು ಸಂಗತಿ ಮರೆಯಬೇಡಿ. ಚೆಕ್‌ಸಮ್ ತೆಗೆಯುವುದು ಕೇಳಿದ ನಂತರ, ಆದರೆ ಆದಷ್ಟು ಬೇಗ, ಫೈಲು ಇನ್ನೂ ನಾಲ್ಕು ಡಿಸ್ಕು ಸುತ್ತುವ ಮುನ್ನ. ಮತ್ತು ಪಟ್ಟಿಯನ್ನು ಹೆಸರಿನ ಕ್ರಮದಲ್ಲಿ ಜೋಡಿಸಿ, ಅದೇ ಕ್ರಮದಲ್ಲಿ ಟೇಪಿಗೆ ಬರೆಯಿರಿ. ಇದರ ಲಾಭ ತಾಳೆ ನೋಡುವಾಗ ಗೊತ್ತಾಗುತ್ತದೆ.

ಸಂಸ್ಥೆಗಳವರು ಬ್ಯಾಗಿಟ್ ಎಂಬ ಜೋಡಣಾ ಕ್ರಮ ಬಳಸಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತಿತರರು ರೂಪಿಸಿದ್ದು. ದತ್ತಾಂಶ ಒಂದು ಫೋಲ್ಡರಿನಲ್ಲಿ, ಚೆಕ್‌ಸಮ್ ಪಟ್ಟಿ ಅದರ ಹೊರಗೆ. ಅಷ್ಟೇ ಅದರ ತಿರುಳು.

ಹಂತ 5: ಟೇಪನ್ನು ಅಣಿಗೊಳಿಸಿ

ಕಾರ್ಟ್ರಿಜ್ ಕೈಗೆ ತೆಗೆದುಕೊಂಡು ಮೂಲೆಯ ಚಿಕ್ಕ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ. ಒಳಗೆ ಟೇಪಿನ ತುದಿಗೆ ಅಂಟಿದ ಒಂದು ಲೋಹದ ಕಡ್ಡಿ ನೆಟ್ಟಗೆ ನಿಂತಿರಬೇಕು. ಡ್ರೈವ್ ಹಿಡಿದೆಳೆಯುವುದು ಅದನ್ನೇ. ಕೆಳಗೆ ಬಿದ್ದ ಕಾರ್ಟ್ರಿಜ್‌ನಲ್ಲಿ ಅದು ವಾಲಿರುತ್ತದೆ, ಹಾಗಿದ್ದರೆ ಡ್ರೈವಿಗೆ ಹಾಕಬೇಡಿ. ಕಪ್ಪು ಟೇಪನ್ನು ಬೆರಳಿನಿಂದ ಮುಟ್ಟಬೇಡಿ.

ರೀಲ್ ಟೇಪ್ ಕಾಲದಿಂದ ಬಂದವರ ಬಳಿ ಕಾಂತ ಅಳಿಸುವ ಯಂತ್ರ ಇರುತ್ತದೆ. ‘ಒಮ್ಮೆ ಶುದ್ಧ ಅಳಿಸಿ ಶುರುಮಾಡೋಣ’ ಎಂದು ಎಲ್‌ಟಿಒ ಟೇಪನ್ನು ಅದರ ಮೇಲಿಟ್ಟರೆ ಟೇಪ್ ಮುಗಿಯಿತು. ಓದಿ ಬರೆಯುವ ಹೆಡ್ಡಿಗೆ ದಾರಿ ತೋರಿಸುವ ಸರ್ವೊ ಗುರುತುಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಅವು ಅಳಿದರೆ ಯಾವ ಡ್ರೈವೂ ಅದನ್ನು ಮತ್ತೆ ಬಳಸಲಾರದು.

ಎಲ್‌ಟಿಒ-9ರ ಹೊಸ ಟೇಪ್ ಮೊದಲ ಸಲ ಹಾಕಿದಾಗ ಡ್ರೈವ್ ತನ್ನ ಪಾಡಿಗೆ ಅಳತೆ ಮಾಡಿಕೊಳ್ಳುತ್ತದೆ. ಕೆಲವೊಮ್ಮೆ ಎರಡು ಗಂಟೆಯವರೆಗೂ. ಕೆಟ್ಟಿತೆಂದು ಹೆದರಿ ಹೊರಗೆಳೆಯಬೇಡಿ.

ಈಗ ಎಲ್‌ಟಿಎಫ್‌ಎಸ್ ತಂತ್ರಾಂಶ ಹಾಕಿಕೊಳ್ಳಿ. 2010ರಲ್ಲಿ ಎಲ್‌ಟಿಒ-5ರ ಜತೆ ಬಂದ ಈ ವ್ಯವಸ್ಥೆ ಟೇಪನ್ನು ಎರಡು ವಿಭಾಗ ಮಾಡುತ್ತದೆ: ಒಂದರಲ್ಲಿ ಸೂಚಿ, ಇನ್ನೊಂದರಲ್ಲಿ ದತ್ತಾಂಶ. ಟೇಪ್ ಒಂದು ಡಿಸ್ಕಿನಂತೆ ಫೋಲ್ಡರ್‌ಗಳೊಂದಿಗೆ ತೆರೆದುಕೊಳ್ಳುತ್ತದೆ. ಡ್ರೈವ್ ತಯಾರಕರು ಉಚಿತವಾಗಿ ಕೊಡುತ್ತಾರೆ, ಲಿನಕ್ಸಿಗೆ ಮುಕ್ತ ಆಕರದ್ದೂ ಇದೆ. ಫಾರ್ಮ್ಯಾಟ್ ಮಾಡುವಾಗ ಆರು ಅಕ್ಷರದ ಗುರುತು ಕೊಡಿ, ಅದನ್ನೇ ಕಾರ್ಟ್ರಿಜ್‌ನ ಮುಂಭಾಗದ ಚೀಟಿಯ ಜಾಗದಲ್ಲಿ ಅಂಟಿಸಿ. ಬೇರೆಲ್ಲೂ ಚೀಟಿ ಅಂಟಿಸಬೇಡಿ, ಡ್ರೈವಿನೊಳಗೆ ಸಿಕ್ಕಿಕೊಳ್ಳುತ್ತದೆ. ಗೂಢಲಿಪೀಕರಣ ಬೇಡ. ಕೀಲಿ ಕಳೆದುಹೋದರೆ ನಿಮ್ಮ ಮಕ್ಕಳಿಗೂ ಆ ಟೇಪ್ ತೆರೆಯುವುದಿಲ್ಲ.

ಲಿನಕ್ಸಿನ ಹಳಬರು ಹಲವು ಫೈಲುಗಳನ್ನು ಒಂದೇ ಕಟ್ಟಾಗಿ ಟೇಪಿಗೆ ಬರೆಯುವ ಟಾರ್ ಬಳಸುತ್ತಾರೆ. ಅದೂ ಗಟ್ಟಿಯಾದ ದಾರಿಯೇ. ಆದರೆ ಅಲ್ಲಿ ಒಂದೇ ಡ್ರೈವಿಗೆ ಎರಡು ಹೆಸರು: ‘ಎಸ್‌ಟಿ’ ಎಂದರೆ ಕೆಲಸವಾದೊಡನೆ ಟೇಪ್ ಮೊದಲಿಗೆ ಸುತ್ತಿಕೊಳ್ಳುತ್ತದೆ, ‘ಎನ್‌ಎಸ್‌ಟಿ’ ಎಂದರೆ ಇದ್ದಲ್ಲೇ ನಿಲ್ಲುತ್ತದೆ. ಮೊದಲನೆಯದರಲ್ಲಿ ಎರಡನೆಯ ಸಲ ಬರೆದರೆ ಮೊದಲು ಬರೆದದ್ದರ ಮೇಲೆಯೇ ಬರೆದಂತೆ. ಹಾಗೆ ಬರೆದ ತುದಿಯಲ್ಲಿ ‘ದತ್ತಾಂಶ ಇಲ್ಲಿಗೆ ಮುಗಿಯಿತು’ ಎಂಬ ಗುರುತು ಬೀಳುವುದರಿಂದ ಅದರಾಚೆ ಉಳಿದಿರುವುದಕ್ಕೂ ಡ್ರೈವ್ ಹೋಗುವುದಿಲ್ಲ. ಮುಂದೆ ಬೇರೊಬ್ಬರು ತೆರೆಯಬೇಕಾದ ಸಂಗ್ರಹಕ್ಕೆ ಎಲ್‌ಟಿಎಫ್‌ಎಸ್ ಆರಿಸಿಕೊಳ್ಳಿ.

ಹಂತ 6: ಬರೆಯುವುದು

ಟೇಪನ್ನು ತೆರೆದು, ಕ್ರಮವಾಗಿ ನಕಲು ಮಾಡಿ. ಮೌಸಿನಿಂದ ಎಳೆದು ಬಿಡುವುದಕ್ಕಿಂತ ಆದೇಶ ಕೊಟ್ಟು ಪಟ್ಟಿಯ ಕ್ರಮದಲ್ಲಿ ನಕಲಿಸುವುದು ಒಳ್ಳೆಯದು. ಎಳೆದು ಬಿಟ್ಟರೆ ಯಾವ ಫೈಲ್ ಮೊದಲು ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಸಂಕಲನ ತಂತ್ರಾಂಶ ಉಗುಳಿದ ಸಾವಿರಾರು ಚಿಕ್ಕ ತರಂಗಚಿತ್ರ ಫೈಲುಗಳನ್ನು ಮೊದಲೇ ತೆಗೆದುಹಾಕಿ.

ಡ್ರೈವಿಗೆ ಕಿವಿ ಕೊಡಿ. ಎಲ್‌ಟಿಒ-6 ಸೆಕೆಂಡಿಗೆ 160 ಎಂಬಿ ವೇಗದಲ್ಲಿ ಬರೆಯುತ್ತದೆ. 846 ಮೀಟರ್ ಉದ್ದದ ಟೇಪಿನ ಮೇಲೆ ಆ ತುದಿಯಿಂದ ಈ ತುದಿಗೆ ಒಟ್ಟು 136 ಸಲ ಸಾಗುವುದರಿಂದ ಸುಮಾರು ಎರಡು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸುವ ಸದ್ದು ಕೇಳುತ್ತದೆ. ನಡುವೆ ಶ್ರುತಿಪೆಟ್ಟಿಗೆಯಂತೆ ಒಂದೇ ನಾದ. ಆ ನಾದ ಕೆಲವೇ ಸೆಕೆಂಡಿಗೊಮ್ಮೆ ತಗ್ಗಿ, ಕರ್ ಎಂದು ಹಿಂದೆ ಸರಿದು, ಮತ್ತೆ ಏರುತ್ತಿದ್ದರೆ ನಿಮ್ಮ ಮೂಲ ಡಿಸ್ಕ್ ಸಾಕಷ್ಟು ವೇಗವಾಗಿ ಉಣಿಸುತ್ತಿಲ್ಲ ಎಂದರ್ಥ. ದತ್ತಾಂಶ ಬರಿದಾದಾಗ ಟೇಪ್ ನಿಂತು, ಹಿಂದೆ ಹೋಗಿ, ಮತ್ತೆ ಓಡಬೇಕಾಗುತ್ತದೆ. ಟೇಪೂ ಹೆಡ್ಡೂ ಸವೆಯುತ್ತವೆ. ಡ್ರೈವ್ ತನ್ನ ವೇಗವನ್ನು ಒಂದು ಮಟ್ಟದವರೆಗೆ ತಗ್ಗಿಸಿಕೊಳ್ಳಬಲ್ಲದು, ಅದಕ್ಕೂ ಕೆಳಗಿಳಿದರೆ ಈ ಸದ್ದು. ಫೈಲುಗಳನ್ನು ಮೊದಲು ಕಂಪ್ಯೂಟರಿನೊಳಗಿನ ಎಸ್‌ಎಸ್‌ಡಿಗೆ ತಂದು ಅಲ್ಲಿಂದ ಬರೆದರೆ ನಾದ ಸರಿಹೋಗುತ್ತದೆ.

ಎಲ್‌ಟಿಎಫ್‌ಎಸ್ ಮಾಡಿದ ಎಲ್‌ಟಿಒ-6ರಲ್ಲಿ ಸುಮಾರು 2.4 ಟಿಬಿ ಸಿಗುತ್ತದೆ. 2.2ಕ್ಕೆ ನಿಲ್ಲಿಸಿ. ಎಂಟು ಗಂಟೆಯ 265 ಆಟಗಳು ಒಂದು ಅಂಗೈಯಗಲದ ಪೆಟ್ಟಿಗೆಯಲ್ಲಿ. ಪೂರ್ಣ ವೇಗದಲ್ಲಿ ಬರೆಯಲು ನಾಲ್ಕು ಗಂಟೆಯ ಹತ್ತಿರ. ತಪ್ಪಾಗಿ ಬರೆದ ಫೈಲನ್ನು ಅಳಿಸಬಹುದು, ಆದರೆ ಆ ಜಾಗ ಮರಳಿ ಬರುವುದಿಲ್ಲ.

ಮುಗಿದ ಮೇಲೆ ಟೇಪನ್ನು ತಂತ್ರಾಂಶದಿಂದಲೇ ಮುಚ್ಚಿ. ಕೊನೆಯ ಸೂಚಿ ಬರೆಯುವುದು ಆಗಲೇ. ಒಂದೆರಡು ನಿಮಿಷ ತೆಗೆದುಕೊಂಡರೆ ಕಾಯಿರಿ. ಅದೇ ಫೋಲ್ಡರುಗಳನ್ನು ಎರಡನೆಯ ಟೇಪಿಗೂ ಮೂಲ ಡಿಸ್ಕಿನಿಂದಲೇ ಬರೆಯಿರಿ.

ಹಂತ 7: ಓದಿ ತಾಳೆ ನೋಡುವುದು

ಟೇಪ್ ಹೊರತೆಗೆಯಿರಿ, ಅದರ ಅಂಚಿನಲ್ಲಿರುವ ಬೀಗದ ಗುಂಡಿಯನ್ನು ಸರಿಸಿ. ಇನ್ನು ಯಾರಿಂದಲೂ ಅದಕ್ಕೆ ಬರೆಯಲಾಗದು. ಮತ್ತೆ ಒಳಗೆ ಹಾಕಿ, ಟೇಪಿನ ಮೇಲಿನ ಪ್ರತಿ ಫೈಲಿನ ಚೆಕ್‌ಸಮ್ ತೆಗೆದು ಪಟ್ಟಿಯೊಂದಿಗೆ ಹೋಲಿಸಿ. ಬರೆದ ಕ್ರಮದಲ್ಲೇ ಪಟ್ಟಿ ಇರುವುದರಿಂದ ಟೇಪ್ ಒಂದೇ ಓಟದಲ್ಲಿ ಸಾಗುತ್ತದೆ. ಕ್ರಮ ತಪ್ಪಿದ್ದರೆ ನಾಲ್ಕು ಗಂಟೆಯ ಕೆಲಸಕ್ಕೆ ಇಡೀ ದಿನ ಹಿಂದೆ ಮುಂದೆ ಓಡುತ್ತದೆ.

ಡ್ರೈವ್ ಬರೆಯುವಾಗಲೇ ತಾನು ಬರೆದದ್ದನ್ನು ಓದಿ ನೋಡಿಕೊಳ್ಳುತ್ತದಲ್ಲ, ಮತ್ತೇಕೆ ಎಂದು ಕೇಳಬಹುದು. ಅದು ನೋಡುವುದು ತನಗೆ ಬಂದದ್ದು ಟೇಪಿಗೆ ಹೋಯಿತೇ ಎಂದು ಮಾತ್ರ. ಕೇಬಲ್ಲಿನಲ್ಲೋ ಕಂಪ್ಯೂಟರಿನ ಮೆಮೊರಿಯಲ್ಲೋ ಕೆಟ್ಟು ಬಂದದ್ದನ್ನು ಅದು ಶ್ರದ್ಧೆಯಿಂದ ಹಾಗೆಯೇ ಬರೆಯುತ್ತದೆ. ಸಾಧ್ಯವಾದರೆ ಎರಡರಲ್ಲಿ ಒಂದು ಟೇಪನ್ನು ಬೇರೊಬ್ಬರ ಡ್ರೈವಿನಲ್ಲಿ ಓದಿಸಿ. ಹೆಡ್ಡು ಸರಿದಿರುವ ಡ್ರೈವ್ ತಾನು ಬರೆದದ್ದನ್ನು ತಾನು ಓದಿಕೊಳ್ಳುತ್ತದೆ, ಇತರರಿಗೆ ಓದಗೊಡುವುದಿಲ್ಲ.

ಹಂತ 8: ಇಡುವ ಜಾಗ

ದೀರ್ಘಕಾಲ ಇಡಲು ಟೇಪ್ ಕೇಳುವುದು 16ರಿಂದ 25 ಡಿಗ್ರಿ ಸೆಲ್ಸಿಯಸ್, ಶೇ 20ರಿಂದ 50 ತೇವಾಂಶ. ಡ್ರೈವ್ ಕೆಲಸ ಮಾಡಲು ಶೇ 80ರ ಒಳಗೆ ತೇವಾಂಶ, 26 ಡಿಗ್ರಿಯೊಳಗೆ ವೆಟ್ ಬಲ್ಬ್ ಉಷ್ಣತೆ (ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವುದು) ಇರಬೇಕು. ನಮ್ಮ ಕರಾವಳಿಯ ಜೂನ್ ತಿಂಗಳಲ್ಲಿ 30 ಡಿಗ್ರಿ, ಶೇ 85 ತೇವ ಸಾಮಾನ್ಯ. ಅಲ್ಲಿ ವೆಟ್ ಬಲ್ಬ್ 27 ದಾಟಿರುತ್ತದೆ. ತಿರುಗಾಟ ಮುಗಿದು ನಮಗೆ ಬಿಡುವಾಗುವುದೂ ಆಗಲೇ. ಹವಾನಿಯಂತ್ರಿತ ಕೋಣೆ ಇಲ್ಲದಿದ್ದರೆ ಡಿಸ್ಕಿನಲ್ಲಿ ಸಿದ್ಧ ಮಾಡಿಟ್ಟುಕೊಂಡು, ಟೇಪಿಗೆ ಬರೆಯುವ ಕೆಲಸವನ್ನು ಡಿಸೆಂಬರ್-ಜನವರಿಯ ಒಣಹವೆಗೆ ಮುಂದೂಡಿ.

ಪ್ರತಿ ಕಾರ್ಟ್ರಿಜನ್ನು ಅದರ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಗಾಳಿಯಾಡದ ಪೆಟ್ಟಿಗೆಯಲ್ಲಿ ನಿಲ್ಲಿಸಿ. ಮಲಗಿಸಬೇಡಿ. ಒಳಗೆ ಸಿಲಿಕಾ ಜೆಲ್ ಮತ್ತು ತೇವಾಂಶ ಮಾಪಕ. ಜೆಲ್ ಬಣ್ಣ ಬದಲಾದಾಗ ಒಣಗಿಸಿ. ಒಂದು ಪ್ರತಿ ಘಟ್ಟದ ಮೇಲಿನ ಊರಿನಲ್ಲಿರಲಿ. ಯಾವ ಆಟ ಯಾವ ಟೇಪಿನಲ್ಲಿದೆ ಎಂಬ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಎರಡೂ ಕಡೆ ಇಡಿ.

ಮರಳಿ ಪಡೆಯುವುದು

ಕಲಾವಿದರ ಮನೆಯವರು ಒಂದು ರಾತ್ರಿಯ ಮುದ್ರಣ ಕೇಳಿಕೊಂಡು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಕಾಗದದ ಪಟ್ಟಿಯಲ್ಲಿ ಟೇಪಿನ ಗುರುತು ಹುಡುಕಿ. ಬೇರೆ ಊರಿನಿಂದ ತಂದ ಟೇಪಾದರೆ, ಅಥವಾ ತಂಪು ಕೋಣೆಯಿಂದ ಹೊರಬಂದದ್ದಾದರೆ, ಡಬ್ಬಿ ತೆರೆಯದೆ 24 ಗಂಟೆ ಡ್ರೈವಿನ ಕೋಣೆಯಲ್ಲಿಡಿ. ತಣ್ಣನೆಯ ಟೇಪ್ ತೇವದ ಗಾಳಿಗೆ ಬಂದರೆ ಬೆವರುತ್ತದೆ. ಅವಸರದಲ್ಲಿರುವವರಿಗೆ ‘ನಾಳೆ ಬನ್ನಿ’ ಎಂದು ಹೇಳಿ.

ಲೋಹದ ಕಡ್ಡಿ ನೋಡಿ, ಬೀಗದ ಗುಂಡಿ ಮುಚ್ಚಿದೆಯೇ ನೋಡಿ, ಒಳಗೆ ಹಾಕಿ, ಓದಲು ಮಾತ್ರ ತೆರೆಯಿರಿ. ಬೇಕಾದ ಫೋಲ್ಡರನ್ನು ಡಿಸ್ಕಿಗೆ ನಕಲು ಮಾಡಿ. ಟೇಪಿನ ಮೇಲಿಂದಲೇ ಹಾಡಿಸಲು ಹೋಗಬೇಡಿ. ಸಂಕಲನ ತಂತ್ರಾಂಶದಲ್ಲಿ ತೆರೆದರೆ ಅದು ತರಂಗಚಿತ್ರ ಬಿಡಿಸಲು ಟೇಪಿನ ಉದ್ದಗಲ ಓಡಿಸುತ್ತದೆ. ನಕಲಾದ ಮೇಲೆ ಟೇಪ್ ಮುಚ್ಚಿ, ಡಿಸ್ಕಿನ ಮೇಲೆ ಚೆಕ್‌ಸಮ್ ತಾಳೆ ನೋಡಿ, ಕೇಳಿ, ಆಮೇಲೆ ಕೊಡಿ.

ಇಡೀ ಡಿಸ್ಕೇ ಸತ್ತು ಎಲ್ಲವನ್ನೂ ತರಬೇಕಾದಾಗ, ಫೈಲುಗಳನ್ನು ಟೇಪಿನ ಮೇಲಿರುವ ಕ್ರಮದಲ್ಲೇ ನಕಲಿಸಿ. ಒಂದು ಫೈಲಿನಲ್ಲಿ ದೋಷ ಬಂದು ನಿಂತರೆ ಅದನ್ನೇ ಹಿಡಿದು ಜಗ್ಗಬೇಡಿ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಮೊದಲು ಈಚೆ ತನ್ನಿ. ಆಮೇಲೆ ಸ್ವಚ್ಛತಾ ಕಾರ್ಟ್ರಿಜನ್ನು ಒಮ್ಮೆ ಹಾಕಿ ಮತ್ತೆ ಓದಿ, ಆಗದಿದ್ದರೆ ಬೇರೆ ಡ್ರೈವಿನಲ್ಲಿ, ಅದೂ ಆಗದಿದ್ದರೆ ಎರಡನೆಯ ಟೇಪಿನಿಂದ. ಸ್ವಚ್ಛತಾ ಕಾರ್ಟ್ರಿಜ್ ಹೆಡ್ಡನ್ನು ಉಜ್ಜುತ್ತದೆ. ಡ್ರೈವ್ ದೀಪ ತೋರಿಸಿ ಕೇಳಿದಾಗ ಅಥವಾ ಇಂಥ ತೊಡಕಿನಲ್ಲಿ ಮಾತ್ರ ಬಳಸಿ.

ಟೇಪ್ ತೆರೆಯುವುದೇ ಇಲ್ಲ, ಸೂಚಿ ಕೆಟ್ಟಿದೆ ಎಂದರೆ, ಬರೆಯುವಾಗ ಕರೆಂಟು ಹೋದದ್ದು ಸಾಮಾನ್ಯ ಕಾರಣ. ಎಲ್‌ಟಿಎಫ್‌ಎಸ್ ಜತೆಗೆ ಬರುವ ಪರಿಶೀಲನಾ ಉಪಕರಣ ಹಳೆಯ ಸೂಚಿಯನ್ನು ಹುಡುಕಿ ಸರಿಮಾಡಬಲ್ಲದು. ಆದರೆ ಅದು ಟೇಪಿಗೆ ಬರೆಯುತ್ತದೆ. ಮೊದಲು ಎರಡನೆಯ ಟೇಪಿನಲ್ಲಿರುವುದನ್ನು ಡಿಸ್ಕಿಗೆ ಭದ್ರವಾಗಿ ಇಳಿಸಿಕೊಂಡು, ಆಮೇಲೆ ದುರಸ್ತಿಗೆ ಕೈಹಾಕಿ.

ವರ್ಷಕ್ಕೊಮ್ಮೆ ಪ್ರತಿ ಟೇಪಿನಿಂದ ಒಂದು ರಾತ್ರಿಯನ್ನು ಹೀಗೆ ಈಚೆ ತಂದು ಕೇಳಿ. ನಾನು ದೀಪಾವಳಿ ಕಳೆದು ಮೇಳಗಳು ಹೊರಡುವ ಮುನ್ನ ಮಾಡುತ್ತೇನೆ. ದಿನಾಂಕ, ಯಾವ ಆಟ, ಯಾವ ಡ್ರೈವ್, ಓದಿತೇ ಇಲ್ಲವೇ ಎಂದು ಟೇಪಿನ ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದಿಡುತ್ತೇನೆ. ಓದುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತೆಂದು ಎರಡು ವರ್ಷ ಸಾಲಾಗಿ ಬರೆಯಬೇಕಾಗಿ ಬಂದರೆ ಆ ಟೇಪನ್ನು ಅದೇ ಚಳಿಗಾಲದಲ್ಲಿ ಹೊಸದಕ್ಕೆ ಇಳಿಸುತ್ತೇನೆ. ಡ್ರೈವಿನ ತಲೆಮಾರು ಬದಲಿಸುವಾಗಲಂತೂ ಹಳೆಯ ಡ್ರೈವ್ ಇನ್ನೂ ಓಡುತ್ತಿರುವಾಗಲೇ ಎಲ್ಲ ಟೇಪುಗಳನ್ನೂ.